ಬನ್ನಿ ಗಿಡದ ಬುಡದ ಮಣ್ಣು

ಕಸ್ತೂರಿಬಾಯಿ ಮೊದಲ ಸಲ ಮಣ್ಣು ತಂದದ್ದು ಹೊಸ ಖಣದಲ್ಲಿ ಕಟ್ಟಿಕೊಂಡು. ನಮ್ಮ ಮಣ್ಣು ಪರೀಕ್ಷೆಯ ಕೋಣೆಗೆ ಜನ ಮಣ್ಣು ತರುತ್ತಿದ್ದ ಚೆಂದ ನಿಮಗೆ ಗೊತ್ತಿಲ್ಲ. ಹರಿದ ಕೈಚೀಲ, ಎಣ್ಣೆ ಹತ್ತಿದ ಕಾಗದ, ಹಳೆಯ ಟೋಪಿ. ಒಬ್ಬ ಮಹಾಶಯನಂತೂ ಗೊಬ್ಬರದ ಚೀಲದಲ್ಲೇ ಮಣ್ಣು ತುಂಬಿ ತಂದು, ನಾನು ಬೈದಾಗ "ಚೀಲಾ ಝಾಡಿಸೀನ್ರಿ" ಎಂದಿದ್ದ. ಹೀಗಿರುವಾಗ, ೧೯೮೬ರ ಜೂನ್ ತಿಂಗಳ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಹಸಿರು ಅಂಚಿನ ಖಣ ಬಿಚ್ಚಿ, ಕಲ್ಲಿಲ್ಲದ, ಕಸವಿಲ್ಲದ, ಮುಟ್ಟಿದರೆ ಪುಡಿಯಾಗುವ ಕಪ್ಪು ಮಿಶ್ರಿತ ಕೆಂಪು ಮಣ್ಣನ್ನು ಮೇಜಿನ ಮೇಲೆ ಇಟ್ಟಾಗ ನನಗೆ ಖುಷಿಯಾಯಿತು. ಖುಷಿಯಾದಾಗ ನಾನು ಎಚ್ಚರ ತಪ್ಪುತ್ತೇನೆ. ಇದು ನನ್ನ ಹಳೆಯ ಚಾಳಿ.

ನನ್ನ ಹೆಸರು ಮುಕುಂದ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಾನು, ನನ್ನ ತಾಯಿ ಇಬ್ಬರೇ ಇದ್ದೆವು. ಆ ಹೊತ್ತಿಗೆ ಹನ್ನೆರಡು ವರ್ಷದಿಂದ ಮಣ್ಣು ಅಲುಗಿಸಿ, ಸೋಸಿ, ಅಳೆದು, ಕಾರ್ಡು ಬರೆದುಕೊಡುವುದು ನನ್ನ ಕೆಲಸ. ಪೊಟ್ಯಾಷ್ ಅಳೆಯುವುದೆಂದರೆ ನನಗೆ ಆಕಳಿಕೆ ಬರುತ್ತಿತ್ತು, ರಂಜಕವೆಂದರೆ ಮಾತ್ರ ಪ್ರಾಣ. ಬೆಳೆಯ ಬೇರು ಬಲಿಯುವುದು ರಂಜಕದಿಂದ, ಆದರೆ ಅದು ಮಣ್ಣಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಸೋಸಿದ ನೀರಿಗೆ ಔಷಧ ಹಾಕಿ ಹತ್ತು ನಿಮಿಷ ಕಾದರೆ ನೀರು ತಾನಾಗಿ ನೀಲಿ ತಿರುಗುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಆ ಹತ್ತು ನಿಮಿಷ ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

"ಏನು ಬೆಳೀತೀರಿ ಬಾಯಿ?" ಎಂದು ಕೇಳಿದೆ.

"ಘಾಸ್ ರೀ. ಟಾಂಗಾದ ಕುದರಿಗಿ."

ನಮ್ಮ ಪುಸ್ತಕದಲ್ಲಿ ಅದಕ್ಕೆ ಲೂಸರ್ನ್ ಎಂದು ಹೆಸರು. ಮೂರೆಲೆಯ ಹಸಿರು ಮೇವು. ಒಮ್ಮೆ ಬಿತ್ತಿದರೆ ಮೂರ್ನಾಲ್ಕು ವರ್ಷ, ತಿಂಗಳಿಗೊಮ್ಮೆ ಕೊಯ್ದರೂ ಮತ್ತೆ ಚಿಗುರುತ್ತದೆ. ಕಸ್ತೂರಿಬಾಯಿಗೆ ಕಮಲಾಪುರದಲ್ಲಿ ಬಾವಿಯ ಪಕ್ಕ ಇಪ್ಪತ್ತು ಗುಂಟೆ ಘಾಸ್ ಇತ್ತು. ಗಂಡ ದತ್ತಪ್ಪ ನಂದೂರಿನ ಬೇಳೆ ಮಿಲ್ಲಿನಲ್ಲಿ ದುಡಿದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಹೊಲದ ಯಜಮಾನಿಕೆ ಗಂಡನ ಅಣ್ಣ ಮಾಣಿಕಪ್ಪನದು, ಮತ್ತು ಅವನಿಗೆ ಕೆಂಬಾಳೆಯ ಹೊರತು ಬೇರೆ ಬೆಳೆ ಬೆಳೆಯೇ ಅಲ್ಲ. ಉಳಿದ ಹೊಲದಲ್ಲಿ ಕಸ್ತೂರಿಬಾಯಿ ಹೇಳಿದ ಕೆಲಸ ಮಾಡುವವಳು. ಘಾಸಿನ ಇಪ್ಪತ್ತು ಗುಂಟೆಯಲ್ಲಿ ಮಾತ್ರ ಬಿತ್ತುವುದು, ನೀರು ಕಟ್ಟುವುದು, ಕೊಯ್ಯುವುದು, ಸೂಡು ಕಟ್ಟಿ ದಿನಾ ಬೆಳಿಗ್ಗೆ ಬಾಳೆಹಣ್ಣಿನ ಟೆಂಪೋದಲ್ಲಿ ಕಲಬುರಗಿಗೆ ಕಳಿಸುವುದು ಎಲ್ಲಾ ಅವಳ ಮಾತಿನಂತೆ ನಡೆಯುತ್ತಿತ್ತು. ಇದನ್ನೆಲ್ಲ ಆಮೇಲೆ ತಿಳಿದೆ. ಆವತ್ತು ನಾನು ಕೇಳಲೇ ಇಲ್ಲ.

ಅವಳ ಮಣ್ಣಿನ ನೀರು ಅಂಥ ನೀಲಿಯಾಯಿತೆಂದರೆ ನಾನು ಕುರ್ಚಿಯಿಂದ ಎದ್ದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಕರೆಗೆ ಒಂಬತ್ತು ಕಿಲೋಗಿಂತ ಕೆಳಗಿದ್ದರೆ ಕಡಿಮೆ, ಇಪ್ಪತ್ತೆರಡು ದಾಟಿದರೆ ಹೆಚ್ಚು. ಇವಳದು ಅರವತ್ತೊಂದು. ವಾರ ಬಿಟ್ಟು ಬಂದಾಗ ಕಾರ್ಡಿನಲ್ಲಿ "ರಂಜಕ: ಹೆಚ್ಚು. ರಂಜಕದ ಗೊಬ್ಬರ ಬೇಡ" ಎಂದು ಬರೆದು, ಓದಿ ಹೇಳಿ, ಕೈಗಿಟ್ಟೆ.

ಅವಳು ಹೋಗಲಿಲ್ಲ. "ವರ್ಷಾ ಆಡಿನ ಹಿಕ್ಕಿ, ತಿಪ್ಪಿ ಗೊಬ್ಬರಾ ಹಾಕ್ತೀನ್ರಿ ಸಾಹೇಬ್ರ. ಅದೂ ಬ್ಯಾಡೇನ್ರಿ?"

ಅವಳ ಹಿಂದೆ ಹನ್ನೊಂದು ಜನ ನಿಂತಿದ್ದರು. "ಅದರಾಗೂ ರಂಜಕಾನೇ ಇರ್ತದ. ಇದ್ದಲ್ಲೇ ಮತ್ತ ಯಾಕ ಸುರೀತೀರಿ? ಬ್ಯಾರೆ ಬೆಳಿಗಿ ಹಾಕ್ರಿ" ಎಂದೆ. ಅವಳು ಕಾರ್ಡನ್ನು ಅದೇ ಖಣದಲ್ಲಿ ಸುತ್ತಿಕೊಂಡು ಹೋದಳು.

ಎರಡೂವರೆ ವರ್ಷದ ಮೇಲೆ, ೧೯೮೮ರ ಡಿಸೆಂಬರಿನಲ್ಲಿ ಅವಳು ಮತ್ತೆ ಬಂದು ಮೇಜಿನ ಮೇಲೆ ನನ್ನ ಕಾರ್ಡನ್ನೂ ಒಂದು ಹಿಡಿ ಘಾಸನ್ನೂ ಇಟ್ಟಳು. ಘಾಸ್ ಗೇಣುದ್ದವೂ ಇರಲಿಲ್ಲ. ದಂಟು ದಾರದಷ್ಟು ಸಣ್ಣ, ಎಲೆ ಚಿಕ್ಕದು, ಬಣ್ಣ ಮಂಕು.

"ನೀವು ಬ್ಯಾಡ ಅಂದ್ರಿ, ಬಿಟ್ಟೆ" ಎಂದಳು. "ಎರಡು ವರ್ಷದ ಗೊಬ್ಬರಾ ಎಲ್ಲಾ ಭಾವಾರ ಬಾಳಿಗಿ ಹೋತು. ಬಾಳಿ ಬೇಷ್ ಬಂದಾವ. ನನ್ನ ಘಾಸ್ ನೆಲಾ ಹಿಡ್ದು ಕುಂತದ. ಯುಗಾದಿಗಿ ಮೊದಲಿನ್ಹಂಗ ಆಗ್ಲಿಲ್ಲಂದ್ರ ರಂಟಿ ಹೊಡ್ದು ಅಲ್ಲೂ ಬಾಳಿ ಹಚ್ತಾರಂತ. ಭಾವಾರು ಹೇಳ್ಯಾರ."

ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನು ಬೆನ್ನು ನೆಟ್ಟಗೆ ಮಾಡಿದೆ. "ಲೆಕ್ಕದಾಗ ನಂದೇನೂ ತಪ್ಪಿಲ್ಲ" ಎಂದು ಮೊದಲೇ ಹೇಳಿಬಿಟ್ಟೆ.

"ಸಿಟ್ಟಿಗಿ ಬಂದಿಲ್ರಿ. ಒಂದು ಮಾತು ಕೇಳಾಕ ಬಂದೀನಿ. ಅಷ್ಟು ಹೆಚ್ಚಿದ್ದ ರಂಜಕಾ ಎರಡು ವರ್ಷದಾಗ ಎಲ್ಲಿ ಹೋತ್ರಿ?"

ನನ್ನ ಕೋಣೆಗೆ ಬರುವವರು ಎಷ್ಟು ಚೀಲ ಹಾಕಬೇಕು ಎಂದು ಕೇಳುತ್ತಿದ್ದರು. ಎಲ್ಲಿ ಹೋಯಿತು ಎಂದು ಯಾರೂ ಕೇಳಿರಲಿಲ್ಲ. ನನಗೆ ಸಿಟ್ಟು ಬಂತು, ಸಿಟ್ಟಿನಲ್ಲೇ ಹಳೆಯ ರಿಜಿಸ್ಟರು ತೆಗೆದೆ. ಅರವತ್ತೊಂದು ಅಲ್ಲೇ ಇತ್ತು, ನನ್ನದೇ ಅಕ್ಷರ. ಆದರೆ ಅದೇ ಪುಟದಲ್ಲಿ ಕಮಲಾಪುರದ ಬೇರೆ ಹೊಲಗಳೂ ಇದ್ದವು. ಆರು. ಏಳು. ಹನ್ನೊಂದು. ಮತ್ತೆ ಆರು. ಆ ಕೆಂಪು ಮಣ್ಣಿನ ಊರಿನಲ್ಲಿ ಒಬ್ಬಳದೇ ಹೊಲ ಅರವತ್ತೊಂದು ಹೇಗಾದೀತು? ಬರೆಯುವಾಗ ಈ ಪ್ರಶ್ನೆ ನನಗೆ ಹೊಳೆಯಬೇಕಿತ್ತು. ನೀಲಿ ನೋಡುತ್ತ ಕೂತಿದ್ದೆ.

"ಬರೋ ಐತವಾರ ನಿಮ್ಮ ಹೊಲಕ್ಕ ಬರ್ತೀನಿ" ಎಂದೆ. ಕಚೇರಿಯ ಯಾರೂ ಹಾಗೆ ಹೋಗುವ ಪದ್ಧತಿಯಿರಲಿಲ್ಲ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳಿ ಹೋದಳು.

ಐತವಾರ ಕಚೇರಿಗೆ ರಜೆ. ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಹೊಲ ರಸ್ತೆಗೆ ಹತ್ತಿರವೇ ಇತ್ತು. ಒಂದು ಕಡೆ ಮಾಣಿಕಪ್ಪನ ಬಾಳೆ, ಆಳೆತ್ತರ ದಾಟಿ, ಬಿಸಿಲು ನೆಲಕ್ಕೆ ಬೀಳದಷ್ಟು ದಟ್ಟ. ಇನ್ನೊಂದು ಕಡೆ ಬಾವಿ, ಬಾವಿಯಾಚೆ ಘಾಸು. ಅದನ್ನು ನೋಡಿ ನನಗೆ ನಾಚಿಕೆಯೇ ಆಯಿತು. ನೆಲ ಕಾಣುತ್ತಿತ್ತು.

"ಆವತ್ತು ಮಣ್ಣು ಯಾವ ಕಡಿಂದ ತಂದಿದ್ರಿ?" ಎಂದು ಕೇಳಿದೆ.

ಅವಳು ಅಭಿಮಾನದಿಂದ ಕರೆದುಕೊಂಡು ಹೋದಳು. ಘಾಸಿನ ಮೂಲೆಯಲ್ಲಿ ಒಂದು ದೊಡ್ಡ ಬನ್ನಿ ಗಿಡ, ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಅಡುಗೆಯ ಚರಗ ಚೆಲ್ಲುತ್ತಾರೆ. "ಮನ್ಯಾಗ ಬುದ್ಧನ ಪಟ ಅದರಿ. ಆದ್ರ ಹೊಲದ ರಿವಾಜು ಬಿಡಾಕ ಬರಂಗಿಲ್ಲ" ಎಂದಳು. ವರ್ಷವಿಡೀ ಆಡು, ಎತ್ತು, ಎಮ್ಮೆಗಳನ್ನು ಮಧ್ಯಾಹ್ನ ಕಟ್ಟುವುದೂ ಅದೇ ನೆರಳಿಗೆ. ಅತ್ತೆಯ ಕಾಲದಿಂದಲೂ ಹಾಗೆಯೇ.

"ಇದು ದನಾ ಕಟ್ಟೋ ಜಾಗಾ. ಘಾಸ್ ಬೆಳ್ಯೋ ಜಾಗಾದ ಮಣ್ಣು ತರಬೇಕಿತ್ತು" ಎಂದೆ. ನನ್ನ ದನಿ ಏರಿತ್ತು.

"ಸರ್ಕಾರಿ ಆಫೀಸಿಗಿ ಒಯ್ಯೋ ಮಣ್ಣು ಹೆಂಗರ ಒಯ್ಯಾಕ ಬರ್ತದೇನ್ರಿ? ಹೊಲದಾಗ ಇದಽ ಚೊಲೋ ಮಣ್ಣು. ದೇವರ ಮುಂದಿಂದು. ಖಣದಾಗ ಕಟ್ಟಿ ತಂದೆ."

ಹೆಣ್ಣು ನೋಡಲು ಬಂದವರ ಮುಂದೆ ಮನೆಯ ಒಳ್ಳೆಯ ಸೀರೆ ಉಡಿಸುವಂತೆ ಅವಳು ಹೊಲದ ಒಳ್ಳೆಯ ಮಣ್ಣನ್ನು ನಮಗೆ ತೋರಿಸಿದ್ದಳು. ನಾನು ಬೈಯಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ. ಹೊಲದ ಎಂಟು ಹತ್ತು ಕಡೆ ಅಗೆದು ಬೆರೆಸಿ ತರಬೇಕೆಂದು ಅಚ್ಚು ಹಾಕಿಸಿದ ಚೀಟಿ ನಮ್ಮ ಕೋಣೆಯ ಗೋಡೆಗೆ ಅಂಟಿಸಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಎಲ್ಲಿಯ ಮಣ್ಣು ಎಂದು ಒಂದು ಮಾತು ಕೇಳುವುದು ನನ್ನ ಕೆಲಸವಾಗಿತ್ತು, ನಾನು ಖಣ ನೋಡಿ ಮೆಚ್ಚಿಕೊಂಡು ಕೂತಿದ್ದೆ. ಅರವತ್ತೊಂದು ಸುಳ್ಳಲ್ಲ. ಅದು ಘಾಸಿನ ಮಣ್ಣಿನ ಲೆಕ್ಕವಲ್ಲ, ಅಷ್ಟೇ. ಆ ಲೆಕ್ಕ ನಂಬಿ ಅವಳು ಗೊಬ್ಬರ ಬಿಟ್ಟಳು, ಘಾಸ್ ಸೊರಗಿತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಬೇರೊಂದು. ದನ ಕಟ್ಟುವ ಜಾಗದ ಅಂಚಿಗೆ, ಘಾಸಿನ ಮಡಿ ಶುರುವಾಗುವಲ್ಲಿ, ನಾಲ್ಕು ಹೆಜ್ಜೆ ಅಗಲದ ಪಟ್ಟಿಯಲ್ಲಿ ಘಾಸ್ ಮೊಣಕಾಲು ದಾಟಿ ನಿಂತಿತ್ತು. ಅಲ್ಲಿಂದ ಮುಂದೆ ಇಳಿಯುತ್ತಾ ಇಳಿಯುತ್ತಾ ಗೇಣಾಗಿತ್ತು.

"ಇದು ಯಾಕ ಹೀಂಗ?" ಎಂದೆ.

"ಚರಗ ಚೆಲ್ಲಿದ ಪುಣ್ಯಾ ಅಂತ ತಿಳ್ಕೊಂಡೀವ್ರಿ."

ಪೂಜೆ ಪುರೋಹಿತಿಕೆಯ ಮನೆತನದವನು ನಾನು, ಪುಣ್ಯವನ್ನು ಅಲ್ಲಗಳೆಯಲು ಹೋಗಲಿಲ್ಲ. ಗಿಡದ ಬುಡದಿಂದ ನೇರವಾಗಿ ಹೊಲದೊಳಕ್ಕೆ ನಡೆಯುತ್ತಾ, ಮೂರು ಮೂರು ಹೆಜ್ಜೆಗೆ ಒಂದರಂತೆ ಎಂಟು ಕಡೆ ಮಣ್ಣು ತೆಗೆದೆ. ಅವಳು ಚೀಲ ಹಿಡಿದು ಹಿಂದೆ ಬಂದಳು, ಒಂದೊಂದಕ್ಕೂ ಗಂಟು ಹಾಕುವ ಮುಂಚೆ ಮೂಸಿ ನೋಡುತ್ತಿದ್ದಳು. ನಾನೂ ಮೂಸಿದೆ. ಮೊದಲ ಮೂರಕ್ಕೆ ಹಳೆಯ ಕೊಟ್ಟಿಗೆಯ ವಾಸನೆಯಿತ್ತು, ಆಮೇಲಿನವಕ್ಕೆ ಏನೂ ಇರಲಿಲ್ಲ. ಬರುವಾಗ ಅವಳು ಚಹಾ ಕೊಟ್ಟಳು. ಕುಡಿದೆ. ಮನೆಯಲ್ಲಿ ತಾಯಿಗೆ ಹೇಳಲಿಲ್ಲ, ಹೇಳದಿದ್ದುದು ದೊಡ್ಡತನವೇನೂ ಅಲ್ಲ.

ಮಣ್ಣು ಒಣಗಿದ ಮೇಲೆ ಎಂಟು ಗಾಜಿನ ನಳಿಗೆ ಸಾಲಾಗಿ ಇಟ್ಟು ಔಷಧ ಹಾಕಿದೆ. ಮೊದಲನೆಯದು ಶಾಯಿಯಾಯಿತು. ಎರಡನೆಯದು ಅದಕ್ಕಿಂತ ತುಸು ತೆಳು. ಮೂರು, ನಾಲ್ಕು, ಐದು, ಒಂದೊಂದಕ್ಕೂ ನೀಲಿ ಇಳಿಯುತ್ತಾ ಬಂದು, ಎಂಟನೆಯದು ಬರೀ ನೀರಿನಂತೆ ಉಳಿಯಿತು. ಹೊಲದಲ್ಲಿ ಘಾಸ್ ಇಳಿದ ಹಾಗೆಯೇ ಇಲ್ಲಿ ಬಣ್ಣ ಇಳಿದಿತ್ತು. ಎಂಟನೆಯದರ ಲೆಕ್ಕ ಐದು. ನನ್ನ ನೌಕರಿಯಲ್ಲಿ ಅಷ್ಟು ಚೆಂದದ ಸಾಲನ್ನು ನಾನು ಮತ್ತೆ ನೋಡಿಲ್ಲ. ಚೆಂದ ನೋಡುತ್ತಲೇ ಅದರ ಅರ್ಥವೂ ತಿಳಿಯಿತು. ಆ ಹೊಲದಲ್ಲಿ ದನ ಆಡು ನಿಂತಲ್ಲಿ ಮಾತ್ರ ರಂಜಕವಿತ್ತು, ಉಳಿದ ನೆಲ ಹಸಿದಿತ್ತು.

ಮುಂದಿನ ಐತವಾರ ಹೋಗಿ ಹೇಳಿದೆ. ಅವಳು ಕುಡುಗೋಲು ಕೆಳಗಿಟ್ಟು ಪೂರ್ತಿ ಕೇಳಿದಳು. "ಹಂಗಂದ್ರ ಮೊದಲೂ ಇಲ್ಲಿ ಇರ್ಲಿಲ್ಲೇನ್ರಿ? ಮೊದಲ ಘಾಸ್ ಬರ್ತಿತ್ತಲ್ಲ."

"ವರ್ಷಾ ನೀವು ಗೊಬ್ಬರಾ ಹಾಕ್ತಿದ್ರಿ. ಹಾಕಿದ್ದು ಘಾಸ್ ತಿಂತಿತ್ತು. ಘಾಸ್ ನೀವು ಕೊಯ್ದು ಕಳಿಸ್ತಿದ್ರಿ."

"ಎಲ್ಲಿಗಿ ಕಳಿಸ್ತಿದ್ದೆ? ಕಲಬುರ್ಗಿಗಿ." ಅವಳು ರಸ್ತೆಯ ಕಡೆ ನೋಡಿದಳು. "ಅಂದ್ರ ರಂಜಕಾ ಟಾಂಗಾದ ನಬಿಸಾಬನ ಕುದರಿ ಹೊಟ್ಟಿಗಿ ಹೋಗ್ತಿತ್ತು."

"ಹೌದು."

"ಕುದರಿ ಹೊಟ್ಟ್ಯಾಗೇ ಉಳೀತದೇನ್ರಿ ಅದು?"

ನಾನು ಬಾಯಿ ತೆರೆಯುವುದರೊಳಗೆ ಅವಳಿಗೇ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಲದ್ದ್ಯಾಗ ಅದ" ಎಂದಳು. "ಎಪ್ಪಾ, ನಮ್ಮ ಹೊಲಾ ಟಾಂಗಾ ಸ್ಟ್ಯಾಂಡಿನಾಗ ಬಿದ್ದದ."

ಅಂಗಡಿಯಿಂದ ಸೂಪರ್ ಫಾಸ್ಫೇಟ್ ಒಂದು ಚೀಲ ತಂದು ಹಾಕಿದರೂ ನಡೆದೀತು ಎಂದು ನಾನು ಹೇಳಿದೆ, ಹೇಳಲೇಬೇಕಿತ್ತು. ಅವಳು ತಲೆ ಅಲ್ಲಾಡಿಸಿದಳು. ತನ್ನ ಘಾಸ್ ದಿನಾ ಹೋಗುತ್ತದೆ, ಹೋದದ್ದು ಮರಳಿ ಬಂದರೆ ಏನಾಗುತ್ತದೆ ಎಂದು ಒಮ್ಮೆ ನೋಡಬೇಕು ಎಂದಳು. ನನಗೂ ಅದೇ ಬೇಕಿತ್ತು.

ನಬಿಸಾಬನ ಮನೆ ಸ್ಟೇಷನ್ನಿನ ಹಿಂದೆ. ಮೂವತ್ತು ವರ್ಷ ಟಾಂಗಾ ಹೊಡೆದವನು, ಕಸ್ತೂರಿಬಾಯಿಯ ಘಾಸಿಗೆ ಮೊದಲ ಗಿರಾಕಿ. ಕುದುರೆಯ ಕೊಟ್ಟಿಗೆಯ ಹಿಂದೆ ಗೋಡೆಯೆತ್ತರ ಲದ್ದಿಯ ಗುಡ್ಡೆಯಿತ್ತು. ನಾನು ಕೇಳಿದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಲೀದ್ ಯಾರ್ ಕೇಳ್ತಾರ ಸಾಬ್? ಮೊಹಲ್ಲಾದ ಮಂದಿ ದಿನಾ ನನಗ ಬೈತಾರ. ಪೂರಾ ಒಯ್ರಿ. ಆಕಿ ಘಾಸ್ ಮೊದಲಿನಂಗ ಬಂದ್ರ ಸಾಕು. ಈಗಿಂದು ನಮ್ಮ ಘೋಡಾ ಮೂಸಿ ಬಿಡ್ತದ."

ಮೇಲಿನದು ಹಸಿ. ಕೆಳಗಿನದು ವರ್ಷಗಟ್ಟಲೆ ಕೊಳೆತು ಕರ್ರಗಾಗಿ, ಚಹಾಪುಡಿಯಂತೆ ಉದುರುತ್ತಿತ್ತು. ಅದರಿಂದ ಒಂದು ಡಬ್ಬಿ ತುಂಬಿಕೊಂಡು ಮನೆಗೆ ಹೋದೆ. ನನ್ನ ತಾಯಿ ಸರಸ್ವತೀಬಾಯಿ ದಿನಾ ಬೆಳಿಗ್ಗೆ ಆಕಳ ಶೆಗಣಿಯಿಂದ ಅಂಗಳ ಸಾರಿಸುವವಳು. ಡಬ್ಬಿಯಲ್ಲಿ ಏನೆಂದು ಕೇಳಿ, ತಿಳಿದು, ಬಾಗಿಲಲ್ಲೇ ತಡೆದಳು.

"ಶೆಗಣಿ ಬ್ಯಾರೆ, ಲದ್ದಿ ಬ್ಯಾರೆ. ಹೊರಗ ನಿಂದ್ರು."

"ಎರಡರಾಗೂ ಇರೋದು ಒಂದೇ ರಂಜಕಾ ಅವ್ವಾ."

"ನಿನ್ನ ರಂಜಕಾ ಬೀದ್ಯಾಗಿಟ್ಟು, ಸ್ನಾನಾ ಮಾಡಿ ಒಳಗ ಬಾ."

ಮರುದಿನ ಡಬ್ಬಿಯ ಲದ್ದಿಯನ್ನು ಪರೀಕ್ಷೆ ಮಾಡಿದೆ. ನೀಲಿ ಎಷ್ಟು ಗಾಢವಾಯಿತೆಂದರೆ ಯಂತ್ರದ ಮುಳ್ಳು ಓದಲಿಕ್ಕೇ ಬರಲಿಲ್ಲ, ಹತ್ತು ಪಟ್ಟು ನೀರು ಬೆರೆಸಬೇಕಾಯಿತು. ಬಾಳೆಹಣ್ಣಿನ ಟೆಂಪೋದ ಡ್ರೈವರ್ ಇಮಾಮುದ್ದೀನ್ ಹೇಗೂ ಕಲಬುರಗಿಯಿಂದ ಖಾಲಿ ಮರಳುತ್ತಿದ್ದ. ಚೀಲದ ಬಾಯಿ ಬಿಗಿಯಾಗಿ ಕಟ್ಟಿರಬೇಕು ಎಂಬ ಒಂದೇ ಮಾತಿನ ಮೇಲೆ ಒಪ್ಪಿದ. ಜನವರಿ ಮೊದಲ ವಾರದಿಂದ, ಘಾಸ್ ಇಳಿಸಿದ ಟೆಂಪೋದಲ್ಲೇ ಲದ್ದಿ ಕಮಲಾಪುರಕ್ಕೆ ಹೋಗತೊಡಗಿತು.

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಮಡಿಯ ಅರ್ಧಕ್ಕೆ ಮಾತ್ರ ಲದ್ದಿ ಹಾಕಬೇಕು, ಉಳಿದರ್ಧ ಹಾಗೇ ಬಿಡಬೇಕು ಎಂದೆ.

"ಅರ್ಧಕ್ಕ ಉಪಾಸ ಯಾಕ್ರಿ?" ಎಂದು ಕೇಳಿದಳು ಕಸ್ತೂರಿಬಾಯಿ.

"ಎಲ್ಲಾ ಕಡೀಗೂ ಹಾಕಿದ್ರ, ಬಂದದ್ದು ಲದ್ದಿಯಿಂದ ಬಂತೋ ಹವಾದಿಂದ ಬಂತೋ ತಿಳಿಯೋದು ಹ್ಯಾಂಗ?"

ಹೊಲ ಹೋದರೆ ಹೋಗುವುದು ಅವಳದು, ನನ್ನದಲ್ಲ. ಆದರೂ ಒಪ್ಪಿದಳು, ತಿಳಿಯುವ ಆಸೆ ಅವಳಿಗೂ ಹತ್ತಿತ್ತು. ಬೇಡ ಎಂದಿದ್ದರೆ ಚೆನ್ನಾಗಿತ್ತು ಎಂದು ಯುಗಾದಿಯವರೆಗೆ ದಿನಾ ಅಂದುಕೊಂಡೆ.

ಫೆಬ್ರವರಿಯ ಕೊಯ್ಲಿನಲ್ಲಿ ಎರಡೂ ಕಡೆ ಒಂದೇ. ನಾನು ಹೋದಾಗ ಅವಳು ತಲೆ ಎತ್ತದೆ ಸೂಡು ಕಟ್ಟುತ್ತಿದ್ದಳು. ಮಾರ್ಚಿನ ಕೊಯ್ಲಿಗೆ ಲದ್ದಿಯ ಕಡೆ ನಾಲ್ಕು ಬೆರಳು ಎತ್ತರವಾಗಿತ್ತು. ಅವಳು ಬೆರಳಿಟ್ಟು ತೋರಿಸಿದಳು, ಇಬ್ಬರೂ ಬಗ್ಗಿ ನೋಡಿದೆವು. ಯುಗಾದಿಯ ವಾರದಲ್ಲಿ ಬುಡ ಒಡೆದು ಹೊಸ ದಂಟು ಎದ್ದವು, ಎಲೆ ಅಗಲವಾದವು. ಲದ್ದಿ ಹಾಕದ ಅರ್ಧ ಮಾತ್ರ ಹಾಗೇ ನೆಲ ಹಿಡಿದಿತ್ತು. ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಯುಗಾದಿಯ ಮರುದಿನ ಮಾಣಿಕಪ್ಪ ಎತ್ತು, ಉಳುವ ರಂಟೆ ತೆಗೆದುಕೊಂಡು ಬಂದ. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ, ಅಳತೆ ಬಿಟ್ಟು ಒಂದು ಹೆಜ್ಜೆ ಅತ್ತಿತ್ತ ಇಡದವನು. ನಾನು ರಜೆ ಹಾಕಿ ತಕ್ಕಡಿಯೊಂದಿಗೆ ಹೋಗಿದ್ದೆ. ಹತ್ತು ಮೊಳದ ಚೌಕ ಎರಡೂ ಕಡೆ ಕೊಯ್ದು ಅವನ ಎದುರೇ ತೂಗಿದೆ. ಲದ್ದಿಯ ಕಡೆ ಹದಿನೇಳು ಕಿಲೋ, ಬರೀ ನೆಲದ ಕಡೆ ಎಂಟು. ನನಗೆ ಕುಣಿಯುವಷ್ಟು ಸಂತೋಷ.

ಮಾಣಿಕಪ್ಪ ಮಡಿಯ ಈ ತುದಿಯಿಂದ ಆ ತುದಿಗೆ ನಡೆದು ಬಂದ. "ಅರ್ಧಾ ಬಂದದ. ಅರ್ಧಾ ಬಂದಿಲ್ಲ" ಎಂದ. "ನಾ ಹೇಳಿದ್ದು ಮೊದಲಿನ್ಹಂಗ ಆಗಬೇಕಂತ. ಮೊದಲ ಅರ್ಧಾ ಬರ್ತಿರ್ಲಿಲ್ಲ, ಪೂರಾ ಬರ್ತಿತ್ತು."

ಅರ್ಧ ಬಿಟ್ಟದ್ದು ಪರೀಕ್ಷೆಗೆಂದು ನಾನು ವಿವರಿಸಿದೆ. ಅವನು ಪೂರ್ತಿ ಕೇಳಿದ.

"ಅಂದ್ರ ನಿಮ್ಮ ಪರೀಕ್ಷಾಕ ನಮ್ಮ ಹೊಲಾ ಉಪಾಸ ಕೆಡವೀರಿ."

ಮಾತು ಸರಿಯಾಗಿತ್ತು. ಕಸ್ತೂರಿಬಾಯಿ ಬನ್ನಿ ಗಿಡದ ಕೆಳಗೆ ತಲೆಯ ಮೇಲೆ ಸೆರಗು ಎಳೆದು ನಿಂತಿದ್ದಳು. ಅವನು ಎತ್ತಿಗೆ ನೊಗ ಹೂಡತೊಡಗಿದ. ತಪ್ಪು ಒಪ್ಪಿಕೊಳ್ಳುವುದು ನನಗೆ ಅಭ್ಯಾಸವಿಲ್ಲ, ಕಚೇರಿಯಲ್ಲಿ ಹನ್ನೆರಡು ಸಾಹೇಬರನ್ನು ಅದಿಲ್ಲದೆ ದಾಟಿದ್ದೆ.

"ಮಾಣಿಕಪ್ಪನವರ, ಒಂದು ಮಾತು ಕೇಳ್ರಿ. ಘಾಸ್ ಕೆಟ್ಟದ್ದು ಆಕಿಯಿಂದ ಅಲ್ಲ, ನನ್ನಿಂದ. ದನಾ ಕಟ್ಟೋ ಜಾಗಾದ ಮಣ್ಣು ಅಂತ ಕೇಳದೇ ನಾ ಕಾರ್ಡು ಬರದೆ. ಗೊಬ್ಬರಾ ಬ್ಯಾಡ ಅಂದೆ. ಬ್ಯಾರೆ ಬೆಳಿಗಿ ಹಾಕ್ರಿ ಅಂತ ಹೇಳಿದವನೂ ನಾನೇ. ಈ ಘಾಸಿಗಿ ಹೋಗಬೇಕಾದ ಗೊಬ್ಬರಾ ಎಲ್ಲಾ ನಿಮ್ಮ ಬಾಳ್ಯಾಗ ಅದ. ನಿಮ್ಮ ಬಾಳಿ ಅಷ್ಟು ಬಂದದ್ದಕ್ಕ, ಈ ಘಾಸ್ ಬರದೇ ಇದ್ದದ್ದಕ್ಕ, ಕಾರಣ ಒಂದೇ."

ಅವನ ಕೈ ನೊಗದ ಮೇಲೆ ನಿಂತಿತು. ಬಾಳೆಯ ಕಡೆ ನೋಡಿದ. ಆ ಬಾಳೆ ನೋಡಿ ಊರಿನವರು ಎರಡು ವರ್ಷ ಅವನನ್ನು ಹೊಗಳಿದ್ದರು. ಆಮೇಲೆ, ಯಾರ ಮುಖವನ್ನೂ ನೋಡದೆ, "ಎಷ್ಟು ಗಾಡಿ ಬಂದಿತ್ತು?" ಎಂದು ಕೇಳಿದ.

ಸೆರಗಿನೊಳಗಿಂದ ಉತ್ತರ ಬಂತು. "ವರ್ಷಕ್ಕ ಐದ್ರಿ. ಎರಡು ವರ್ಷ."

ಮಾಣಿಕಪ್ಪ ಎತ್ತು ಹೊಡೆದುಕೊಂಡು ಊರ ಕಡೆ ಹೋದ. ರಂಟೆ ಅಲ್ಲೇ ಬಿದ್ದಿತ್ತು. ಪಂಚರನ್ನು ಕರೆಯಲು ಹೋದನೋ, ಆಳುಗಳನ್ನು ತರಲು ಹೋದನೋ ನಮಗೆ ತಿಳಿಯಲಿಲ್ಲ. ಕಸ್ತೂರಿಬಾಯಿ ಕುಡುಗೋಲು ತೆಗೆದುಕೊಂಡು ಕೊಯ್ಯತೊಡಗಿದಳು, ಇದ್ದಷ್ಟನ್ನು ಇವತ್ತೇ ಕೊಯ್ದುಕೊಳ್ಳಬೇಕು ಎಂಬಂತೆ. ನಾನು ಬಾವಿಯ ಕಟ್ಟೆಯ ಮೇಲೆ ಕೂತು ತಕ್ಕಡಿಯ ಹಗ್ಗ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದೆ. ಅವಳನ್ನು ನೋಡುವ ಧೈರ್ಯವಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿಯ ಸದ್ದು ಕೇಳಿತು. ಮಾಣಿಕಪ್ಪ ಒಬ್ಬನೇ ಬಂದ. ಗಾಡಿಯ ತುಂಬ ಅವನ ಸ್ವಂತ ತಿಪ್ಪೆಯ ಗೊಬ್ಬರ, ಬಾಳೆಗೆಂದು ಕೂಡಿಸಿಟ್ಟದ್ದು. ಘಾಸಿನ ಬರಡು ಅರ್ಧದ ಅಂಚಿಗೆ ಗಾಡಿ ತಂದು, ಹಿಂಬದಿಯ ಹಲಗೆಗೆ ಕೈ ಹಾಕಿದ.

ಕಸ್ತೂರಿಬಾಯಿ ಕುಡುಗೋಲು ಬಿಟ್ಟು ಬಂದಳು. ಗಾಡಿಯೊಳಕ್ಕೆ ಕೈ ತೂರಿಸಿ ಒಂದು ಹಿಡಿ ತೆಗೆದು ಒಡೆದಳು, ಮೂಸಿದಳು. ಸೆರಗು ತಲೆಯಿಂದ ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಭಾವಾರ, ಅಲ್ಲಿ ಬ್ಯಾಡ್ರಿ" ಎಂದಳು. "ಇದು ಇನ್ನಾ ಹಸಿ ಅದ, ಬುಡಾ ಸುಡ್ತದ. ಬದುವಿನ ಮ್ಯಾಲ ಹಾಕ್ರಿ. ಕೊಳತ ಮ್ಯಾಲ ಯಾವಾಗ ಎರಚಬೇಕು ಅಂತ ನಾ ಹೇಳ್ತೇನಿ."

ಆ ಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಅವಳು ಭಾವನ ಮುಖ ನೋಡಿ ಹೀಗೆ ಮಾಡಿರಿ ಎಂದು ಹೇಳಿದ್ದು ಅದೇ ಮೊದಲು ಎಂದು ದತ್ತಪ್ಪ ಆಮೇಲೆ ನನಗೆ ಹೇಳಿದ. ಆ ಗಳಿಗೆಯಲ್ಲಿ ನನಗೆ ಅದು ತಿಳಿಯದಿದ್ದರೂ, ಮಾಣಿಕಪ್ಪ ಹಲಗೆಯ ಮೇಲಿನ ಕೈಯನ್ನು ತೆಗೆಯದೆ, ಹಲಗೆಯನ್ನೂ ಎಳೆಯದೆ ನಿಂತದ್ದು ಕಂಡು ನಾನು ಕಟ್ಟೆಯಿಂದ ಎದ್ದು ನಿಂತೆ. ಅವನು ಅವಳನ್ನು ನೋಡಿದ, ಅವಳ ಕೈಯಲ್ಲಿದ್ದ ಗೊಬ್ಬರವನ್ನು ನೋಡಿದ.

"ಯಾವ ಬದುವು?" ಎಂದು ಕೇಳಿದ.

ಅವಳು ತೋರಿಸಿದಳು. ಅವನು ಎತ್ತಿನ ಹಗ್ಗ ಹಿಡಿದು ಗಾಡಿಯನ್ನು ಆ ಕಡೆಗೆ ತಿರುಗಿಸಿದ.